ಹಳೆ ಜೀಪಿಗೆ ಡಿಜಿಟಲ್ ಮೀಟರ್: ಪರದೆ ಕೊಳ್ಳುವ ಮುಂಚೆ ನೋಡಬೇಕಾದ್ದು

ಮಂಡ್ಯ, ಮೈಸೂರು ಕಡೆ ಹಳೆ ಮಹೀಂದ್ರ ಜೀಪುಗಳು ಇನ್ನೂ ದುಡಿಯುತ್ತಿವೆ. ವಾರವಿಡೀ ಕಬ್ಬಿನ ಗದ್ದೆಗೆ ಗೊಬ್ಬರ ಹೊರುವ ಗಾಡಿಯೇ ಭಾನುವಾರ ದಪ್ಪ ಟೈರು ಹಾಕಿಕೊಂಡು ಕಲ್ಲು, ಕೆಸರು ಹತ್ತಲು ಹೊರಡುವುದೂ ಉಂಟು. ಎಂಜಿನ್ ಗಟ್ಟಿ, ಚಾಸಿ ಗಟ್ಟಿ. ಮೊದಲು ಕೈಕೊಡುವುದು ಮೀಟರ್ ಬೋರ್ಡು. ಸ್ಪೀಡೋ ಕೇಬಲ್ ತುಂಡಾಗಿರುತ್ತದೆ. ಡೀಸೆಲ್ ಮುಳ್ಳು ವರ್ಷಗಟ್ಟಲೆ ಅರ್ಧಕ್ಕೇ ನಿಂತಿರುತ್ತದೆ. ಹೀಟ್ ಮೀಟರ್ ಅಂತೂ ಅಲಂಕಾರಕ್ಕೆ. ಆಗ ಫೋನಿನಲ್ಲಿ ಏಳಿಂಚಿನ ಡಿಜಿಟಲ್ ಡ್ಯಾಶ್‌ಬೋರ್ಡ್ ಕಂಡರೆ ‘ಇದನ್ನೇ ಹಾಕಿಬಿಡೋಣ’ ಅನ್ನಿಸುತ್ತದೆ.

ಹಾಕಬಹುದು. ಆದರೆ ‘ಯಾವ ಪರದೆ ಒಳ್ಳೇದು?’ ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ದುಡ್ಡು ಹಾಳಾಗುವ ಸಾಧ್ಯತೆ ಜಾಸ್ತಿ. ಪರದೆ ತಾನಾಗಿ ಏನನ್ನೂ ಅಳೆಯುವುದಿಲ್ಲ. ಎಂಜಿನ್ನಿನಲ್ಲಿ, ಟ್ಯಾಂಕಿನಲ್ಲಿ, ಗೇರ್‌ಬಾಕ್ಸಿನ ಹಿಂದೆ ಕೂತಿರುವ ಸೆನ್ಸರ್‌ಗಳು ಹೇಳಿದ್ದನ್ನು ಅಂದವಾಗಿ ತೋರಿಸುತ್ತದೆ, ಅಷ್ಟೇ. ಸೆನ್ಸರ್ ಸುಳ್ಳು ಹೇಳಿದರೆ ಪರದೆ ಆ ಸುಳ್ಳನ್ನೇ ದಶಮಾಂಶ ಸಮೇತ ತೋರಿಸುತ್ತದೆ. ಮುಳ್ಳು ಓಲಾಡುತ್ತಿದ್ದರೆ ನಮಗೆ ಅನುಮಾನವಾದರೂ ಬರುತ್ತಿತ್ತು. ‘87.5’ ಅಂತ ಅಂಕಿ ನೋಡಿದರೆ ಯಾರೂ ಅನುಮಾನ ಪಡುವುದಿಲ್ಲ.

ಹಾಗಾಗಿ ಮೊದಲು ಹಳೆ ಬೋರ್ಡು ಏನೇನು ಕೆಲಸ ಮಾಡುತ್ತಿತ್ತು ಅಂತ ನೋಡೋಣ. ಎಂಎಂ 540 ತರಹದ, ಪ್ಯೂಜೊ 2112 ಸಿಸಿ ಡೀಸೆಲ್ ಎಂಜಿನ್ನಿನ ಜೀಪನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದರ ಸ್ಪೀಡೋಮೀಟರಿಗೆ ಕರೆಂಟೇ ಬೇಡ. ಗೇರ್‌ಬಾಕ್ಸಿನ ಹಿಂದೆ ಕೂತು ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಿಂದ ಒಂದು ಕೇಬಲ್ ಸುತ್ತುತ್ತಾ ಬಂದು ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಎಳೆತಕ್ಕೆ ಮುಳ್ಳು ಏಳುತ್ತದೆ. ಡೀಸೆಲ್ ಮತ್ತು ಹೀಟ್ ಮೀಟರುಗಳು ಕರೆಂಟಿನವು. ಇನ್ನೂ ಹಳೆಯ ಕೆಲವು ಗಾಡಿಗಳಲ್ಲಿ ಆಯಿಲ್ ಮೀಟರಿಗೆ ಎಂಜಿನ್ ಆಯಿಲ್ಲೇ ಒಂದು ಸಣ್ಣ ತಾಮ್ರದ ಪೈಪಿನಲ್ಲಿ ಡ್ಯಾಶ್‌ವರೆಗೆ ಬರುತ್ತದೆ. ಅಂಥದ್ದನ್ನು ತೆಗೆಯುವಾಗ ಎಂಜಿನ್ ಕಡೆಯ ತೂತಿಗೆ ಸರಿಯಾದ ಥ್ರೆಡ್ಡಿನ ಪ್ಲಗ್ಗೋ ಹೊಸ ಸೆನ್ಸರೋ ಬೀಳಲೇಬೇಕು. ಇಲ್ಲದಿದ್ದರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಪಿಚಕಾರಿಯಾಗುತ್ತದೆ.

ಆಮ್ಮೀಟರ್ (ಬ್ಯಾಟರಿಗೆ ಹೋಗಿ ಬರುವ ಕರೆಂಟು ತೋರಿಸುವ ಮೀಟರ್) ಇರುವ ಜೀಪಾದರೆ ಇನ್ನೂ ಎಚ್ಚರ. ಪ್ಲಸ್–ಮೈನಸ್ ಎರಡೂ ಕಡೆ ಓಡುವ ಆ ಮುಳ್ಳಿನ ಮೂಲಕ ಗಾಡಿಯ ಚಾರ್ಜಿಂಗ್ ಕರೆಂಟು ಪೂರ್ತಿ ಹಾದು ಹೋಗುತ್ತದೆ. ಅದನ್ನು ಬಿಚ್ಚಿ ಎರಡು ದಪ್ಪ ವೈರುಗಳನ್ನು ಹಾಗೇ ಬಿಟ್ಟರೆ ಗಾಡಿ ಸತ್ತ ಹಾಗೆ. ಟೇಪು ಸುತ್ತಿ ಜೋಡಿಸಿದರೆ ಬಿಸಿಯಾಗಿ ಸುಡುವ ಅಪಾಯ. ಎರಡರ ತುದಿಗೂ ಥಿಂಬಲ್, ಅಂದರೆ ಲೋಹದ ಬಳೆ, ಒತ್ತಿಸಿ, ಒಂದೇ ಬೋಲ್ಟಿಗೆ ಬಿಗಿದು, ಮೇಲೆ ರಬ್ಬರ್ ಕವರ್ ಹಾಕಿಸಬೇಕು. ಹೊಸ ಪರದೆಯಲ್ಲಿ ಆಂಪಿಯರ್ ಬದಲು ವೋಲ್ಟ್ ಕಾಣುತ್ತದೆ. ಬ್ಯಾಟರಿ ಆರೋಗ್ಯ ತಿಳಿಯಲು ಅದೇ ಸಾಕು. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇದ್ದರೆ ಚಾರ್ಜಿಂಗ್ ಸರಿಯಾಗಿದೆ ಅಂತಲೇ ಅರ್ಥ.

ಇನ್ನು ಸೆನ್ಸರ್‌ಗಳ ವಿಷಯ. ಇಡೀ ಕೆಲಸದ ತಿರುಳು ಇಲ್ಲೇ ಇದೆ.

ಹೀಟ್ ಸೆನ್ಸರ್ ಅಂದರೆ ಹಿತ್ತಾಳೆ ಕವಚದೊಳಗಿನ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಭಾಗ. ಆ ತಡೆಯ ಅಳತೆಯೇ ಓಮ್. ಎಂಜಿನ್ನಿನ ನೀರು ಬಿಸಿಯಾದಂತೆ ಅದರ ಓಮ್ ಕಡಿಮೆಯಾಗುತ್ತಾ ಹೋಗುತ್ತದೆ. ಟ್ಯಾಂಕ್ ಯೂನಿಟ್ಟಿನಲ್ಲಿ ಡೀಸೆಲ್ ಮೇಲೆ ತೇಲುವ ಫ್ಲೋಟಿಗೆ ಒಂದು ಕಡ್ಡಿ. ಆ ಕಡ್ಡಿ ತಂತಿಯ ಸುರುಳಿ ಮೇಲೆ ಜಾರಿದಂತೆ ಓಮ್ ಬದಲಾಗುತ್ತದೆ. ಡಿಜಿಟಲ್ ಡ್ಯಾಶ್ ಈ ಓಮ್ ಅನ್ನು ನೇರವಾಗಿ ಓದುವುದಿಲ್ಲ, ವೋಲ್ಟೇಜಾಗಿ ಬದಲಿಸಿ ಓದುತ್ತದೆ. ಹೇಗೆಂದರೆ, ತನ್ನೊಳಗೇ 5 ವೋಲ್ಟ್ ತಯಾರಿಸಿ, ಅದನ್ನು ತನ್ನದೇ ಒಂದು ರೆಸಿಸ್ಟರ್ ಮೂಲಕ ಸೆನ್ಸರಿಗೆ ಕಳಿಸುತ್ತದೆ. ತನ್ನದು 1000 ಓಮ್, ಸೆನ್ಸರಿನದೂ 1000 ಓಮ್ ಇದ್ದರೆ ನಡುವೆ 2.5 ವೋಲ್ಟ್ ಸಿಗುತ್ತದೆ. ಸೆನ್ಸರ್ ಬಿಸಿಯಾಗಿ 250 ಓಮಿಗೆ ಇಳಿದರೆ ಅದು 1 ವೋಲ್ಟಿಗೆ ಇಳಿಯುತ್ತದೆ. ಎಷ್ಟು ವೋಲ್ಟಿಗೆ ಎಷ್ಟು ಡಿಗ್ರಿ ಎಂಬ ಪಟ್ಟಿ ಡ್ಯಾಶಿನ ನೆನಪಿನಲ್ಲಿರುತ್ತದೆ. ಆ ಪಟ್ಟಿ ನಿಮ್ಮ ಸೆನ್ಸರಿನದೇ ಆಗಿದ್ದರೆ ಮಾತ್ರ ಅಂಕಿ ನಿಜ.

ಗೋಳು ಇಲ್ಲೇ ಶುರುವಾಗುವುದು. ಎಲ್ಲ ಗಾಡಿಗೂ ಒಂದೇ ಅಳತೆ ಇಲ್ಲ. ಟ್ಯಾಂಕ್ ಯೂನಿಟ್ಟನ್ನೇ ನೋಡಿ. ಅಮೆರಿಕದ ಒಂದು ರೂಢಿಯಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಯುರೋಪಿನ ಒಂದು ರೂಢಿಯಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180, ಅಂದರೆ ಪೂರ್ತಿ ಉಲ್ಟಾ. ನಮ್ಮ ಜೀಪುಗಳಲ್ಲಿ ಮೂವತ್ತು ವರ್ಷದಲ್ಲಿ ಎಷ್ಟು ಸಲ ಟ್ಯಾಂಕ್ ಯೂನಿಟ್ ಬದಲಾಗಿದೆಯೋ, ಯಾವ ಗಾಡಿಯದು ಬಂದು ಕೂತಿದೆಯೋ, ಹೇಳುವವರಿಲ್ಲ. ಆದ್ದರಿಂದ ಪುಸ್ತಕದ ಲೆಕ್ಕ ನಂಬದೆ ಮಲ್ಟಿಮೀಟರ್ ಹಿಡಿದು ಅಳೆಯುವುದೇ ಸರಿ. ಸೆನ್ಸರಿನ ವೈರ್ ಬಿಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿ ಸೆನ್ಸರಿಗೆ, ಇನ್ನೊಂದು ಅದರ ಮೈಗೆ. ಖಾಲಿ ಟ್ಯಾಂಕಿನಲ್ಲಿ ಒಂದು ಓದು. ಆಮೇಲೆ ಐದೈದು ಲೀಟರ್ ಡೀಸೆಲ್ ಸುರಿಯುತ್ತಾ ಪ್ರತಿ ಸಲ ಒಂದು ಓದು. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜೀಪಿನ ಟ್ಯಾಂಕು ನೇರ ಡಬ್ಬಿಯಾಗಿರುವುದಿಲ್ಲ, ಅಲ್ವಾ? ಹಾಗಾಗಿ ಓಮ್ ಅರ್ಧಕ್ಕೆ ಬಂದರೆ ಟ್ಯಾಂಕೂ ಅರ್ಧ ಅನ್ನುವ ನೇರ ಲೆಕ್ಕ ನಡೆಯುವುದಿಲ್ಲ. ಈ ಪಟ್ಟಿ ತುಂಬಿಸಲು ಅವಕಾಶ ಕೊಡದ ಡ್ಯಾಶ್ ಎಷ್ಟೇ ಚೆಂದ ಇದ್ದರೂ ಬೇಡ. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಹೀಟ್ ಸೆನ್ಸರಿಗೂ ಹೀಗೇ ಮಾಡಬಹುದು. ಬಿಚ್ಚಿ ಪಾತ್ರೆಯ ನೀರಿನಲ್ಲಿ ತೂಗಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಒಲೆ ಹಚ್ಚಿ. 40, 60, 80 ಡಿಗ್ರಿಗೆ ಓಮ್ ಬರೆದುಕೊಳ್ಳಿ. ಕೊನೆಯ ಓದನ್ನು ‘ಕುದಿಯುತ್ತಿದೆ, ಹಾಗಾದರೆ 100’ ಅಂತ ಬರೆಯಬೇಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಚಿಲ್ಲರೆಗೇ ಕುದಿಯುತ್ತದೆ.

ಹಳೆ ಸೆನ್ಸರ್ ತುಕ್ಕು ಹಿಡಿದಿದ್ದರೆ ಅದರ ಜೊತೆ ಗುದ್ದಾಡುವ ಬದಲು ಡ್ಯಾಶ್ ಜೊತೆ ಬರುವ ಹೊಸ ಸೆನ್ಸರನ್ನೇ ಹಾಕಿ. ಆಯಿಲ್ ಪ್ರೆಶರಿಗಂತೂ ನನ್ನ ಮತ ಹೊಸದಕ್ಕೇ. ಈಗ ಸಿಗುವ ಮೂರು ವೈರಿನ ಪ್ರೆಶರ್ ಸೆನ್ಸರಿಗೆ 5 ವೋಲ್ಟ್ ಕೊಟ್ಟರೆ ಒತ್ತಡಕ್ಕೆ ತಕ್ಕಂತೆ 0.5ರಿಂದ 4.5 ವೋಲ್ಟ್ ವಾಪಸ್ ಕಳಿಸುತ್ತದೆ. ಶೂನ್ಯ ಒತ್ತಡಕ್ಕೆ ಶೂನ್ಯ ವೋಲ್ಟ್ ಇಡದೆ ಅರ್ಧ ವೋಲ್ಟ್ ಇಟ್ಟಿರುವುದರಲ್ಲಿ ಒಂದು ಜಾಣತನ ಇದೆ. ವೈರ್ ತುಂಡಾದರೆ ಸೊನ್ನೆ ವೋಲ್ಟ್ ಬರುತ್ತದೆ, ಆಗ ಡ್ಯಾಶಿಗೆ ‘ಒತ್ತಡ ಇಲ್ಲ’ ಮತ್ತು ‘ಸೆನ್ಸರ್ರೇ ಇಲ್ಲ’ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುತ್ತದೆ. ಕಾಡುದಾರಿಯಲ್ಲಿ ಕಡ್ಡಿ ಸಿಕ್ಕಿ ವೈರ್ ಹರಿಯುವ ಗಾಡಿಗೆ ಇದು ದೊಡ್ಡ ಅನುಕೂಲ.

ಹಳೆ ಮೀಟರೂ ಇರಲಿ, ಹೊಸ ಪರದೆಯೂ ಇರಲಿ ಅಂತ ಒಂದೇ ಸೆನ್ಸರಿಗೆ ಎರಡನ್ನೂ ಜೋಡಿಸುವವರಿದ್ದಾರೆ. ಎರಡೂ ತಮ್ಮ ತಮ್ಮ ಕರೆಂಟನ್ನು ಅದೇ ಸೆನ್ಸರಿಗೆ ತಳ್ಳುತ್ತವೆ, ಎರಡರ ಓದೂ ಕೆಡುತ್ತದೆ. ಎರಡು ಬೇಕಾದರೆ ಸೆನ್ಸರೂ ಎರಡು ಬೇಕು.

ಸೆನ್ಸರ್ ಸರಿಯಿದ್ದರೂ ಅಂಕಿ ಕುಣಿಯುತ್ತಿದ್ದರೆ ಅರ್ಥ್, ಅಂದರೆ ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ, ಕೆಟ್ಟಿದೆ ಅಂತಲೇ ತಿಳಿಯಿರಿ. ಒಂದು ವೈರಿನ ಸೆನ್ಸರುಗಳಿಗೆ ವಾಪಸ್ ದಾರಿ ಅಂದರೆ ಅವುಗಳ ಮೈ, ಅಲ್ಲಿಂದ ಎಂಜಿನ್, ಎಂಜಿನ್ನಿನಿಂದ ಚಾಸಿ, ಚಾಸಿಯಿಂದ ಬ್ಯಾಟರಿ ಮೈನಸ್. ಜೀಪಿನ ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಎಂಜಿನ್–ಚಾಸಿ ನಡುವೆ ಒಂದು ಹೆಣೆದ ತಾಮ್ರದ ಪಟ್ಟಿ ಇರಲೇಬೇಕು. ಗದ್ದೆ ಕೆಸರು ತಿಂದ ಗಾಡಿಗಳಲ್ಲಿ ಅದು ಹಸಿರು ಪುಡಿಯಾಗಿ ಹೋಗಿರುತ್ತದೆ. ಟ್ಯಾಂಕಿನ ಅರ್ಥ್ ಇನ್ನೂ ಹಾಳು. ಅದರ ದಾರಿಯಲ್ಲಿ ತುಕ್ಕಿನಿಂದ 20 ಓಮ್ ಸೇರಿಕೊಂಡಿತು ಅಂದುಕೊಳ್ಳಿ. 240–33 ಲೆಕ್ಕದ ಯೂನಿಟ್ಟಿನಲ್ಲಿ ಖಾಲಿಯಿಂದ ಫುಲ್ಲಿಗೆ ಇರುವ ಅಂತರವೇ 207 ಓಮ್. ಅಂದರೆ ಹತ್ತನೇ ಒಂದು ಭಾಗ ಡೀಸೆಲ್ ಪರದೆ ಮೇಲೆ ಮಾಯ. ಮಳೆಗಾಲದಲ್ಲಿ ಒಂದು ಓದು, ಬೇಸಿಗೆಯಲ್ಲಿ ಇನ್ನೊಂದು.

ಪರೀಕ್ಷೆ ಸುಲಭ. ಹೆಡ್‌ಲೈಟ್, ವೈಪರ್, ಹೀಟರ್ ಫ್ಯಾನ್ ಏನಿದೆಯೋ ಎಲ್ಲ ಹಾಕಿ. ಮಲ್ಟಿಮೀಟರನ್ನು ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಮುಟ್ಟಿಸಿ. 0.1 ವೋಲ್ಟಿಗಿಂತ ಕಡಿಮೆ ಬಂದರೆ ಪಾಸು. ಹೀಗೇ ಡ್ಯಾಶಿನ ಅರ್ಥಿಗೆ, ಟ್ಯಾಂಕಿನ ಮೈಗೆ. ಜಾಸ್ತಿ ಬಂದ ಕಡೆ ಪೇಂಟ್ ಕೆರೆದು, ಹೊಸ ಥಿಂಬಲ್ ಹಾಕಿ ಬಿಗಿಯಬೇಕು. ಹೊಸ ಡ್ಯಾಶಿನ ಅರ್ಥ್ ವೈರನ್ನು ಮಾತ್ರ ಹತ್ತಿರದ ಯಾವುದೋ ಸ್ಕ್ರೂಗೆ ಸಿಕ್ಕಿಸದೆ, ನೇರವಾಗಿ ಬ್ಯಾಟರಿ ಮೈನಸ್ಸಿಗೋ ಅದು ಚಾಸಿಗೆ ಕೂಡುವ ಬೋಲ್ಟಿಗೋ ಒಯ್ಯಿರಿ. ಇನ್ನೊಂದು ಸಣ್ಣ ವಿಷಯ. ಸೆನ್ಸರ್ ಲೀಕಾಗಬಾರದು ಅಂತ ಪ್ಲಂಬರಿನ ಬಿಳಿ ಟೇಪನ್ನು ದಪ್ಪಗೆ ಸುತ್ತಿದರೆ ಥ್ರೆಡ್ಡಿನ ಅರ್ಥ್ ದುರ್ಬಲವಾಗುತ್ತದೆ.

ಪವರ್ ವೈರುಗಳು ಸಾಮಾನ್ಯವಾಗಿ ಮೂರು. ಒಂದು ಅರ್ಥ್. ಒಂದು ಸದಾ ಕರೆಂಟ್ ಇರುವ ಬ್ಯಾಟರಿ ಲೈನ್, ಕಿಲೋಮೀಟರ್ ಲೆಕ್ಕ ಮತ್ತು ಗಡಿಯಾರ ಉಳಿಸಲು. ಇನ್ನೊಂದು ಕೀ ತಿರುಗಿಸಿದಾಗ ಮಾತ್ರ ಬರುವ ಇಗ್ನಿಷನ್ ಲೈನ್. ಪ್ಲಸ್ ಲೈನಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಬೇಕು. ಡ್ಯಾಶ್ ಹತ್ತಿರ ಹಾಕಿದರೆ, ನಡುವೆ ವೈರ್ ಉಜ್ಜಿ ಚಾಸಿಗೆ ತಾಗಿದಾಗ ಫ್ಯೂಸ್ ಹೋಗುವುದಿಲ್ಲ, ವೈರೇ ಸುಡುತ್ತದೆ. ಈ ಪರದೆಗಳು ಕುಡಿಯುವ ಕರೆಂಟು ಹೆಚ್ಚಾಗಿ ಒಂದು ಆಂಪಿಯರಿನೊಳಗೇ. 3 ಆಂಪಿಯರ್ ಫ್ಯೂಸ್ ಸಾಕು.

12 ವೋಲ್ಟ್ ಅಂತ ಕರೆದರೂ ಗಾಡಿಯ ಕರೆಂಟು ಹೆಸರಿಗಷ್ಟೇ 12. ಸೆಲ್ಫ್ ಹೊಡೆದಾಗ ಹಳೆ ಬ್ಯಾಟರಿ 8 ವೋಲ್ಟಿಗೂ ಕೆಳಗೆ ಬೀಳಬಹುದು. ಆಗ ಅಗ್ಗದ ಡ್ಯಾಶ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಡೀಸೆಲ್ ಜೀಪಿನಲ್ಲಿ ಹೀಟರ್ ಪ್ಲಗ್ ಎಳೆತವೂ ಇದಕ್ಕೆ ಸೇರುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಸಡಿಲವಾಗಿ ಕಳಚಿಕೊಂಡರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ ಒಂದು ಕ್ಷಣ ಹತ್ತಾರು ವೋಲ್ಟ್ ನುಗ್ಗುತ್ತದೆ. ಕಲ್ಲುದಾರಿಯಲ್ಲಿ ಕುಲುಕುವ ಗಾಡಿಗೆ ಇದು ಆಗದ ಮಾತೇನಲ್ಲ. ಮುಳ್ಳಿನ ಮೀಟರ್ ಇದನ್ನು ಲೆಕ್ಕಿಸುವುದಿಲ್ಲ, ಒಳಗೆ ಚಿಪ್ ಇರುವ ಪರದೆ ಸುಟ್ಟುಹೋಗುತ್ತದೆ. ಗಾಡಿಗೆಂದೇ ಮಾಡಿದ ಒಳ್ಳೆ ಡ್ಯಾಶುಗಳಲ್ಲಿ ರಕ್ಷಣೆ ಇರುತ್ತದೆ. ಅಗ್ಗದ್ದಕ್ಕೆ ಹೊರಗಿನಿಂದ ಒಂದು ಟಿವಿಎಸ್ ಡಯೋಡ್ (ಇಂಥ ಏಟನ್ನು ತಡೆಯುವ ಸಣ್ಣ ಭಾಗ) ಹಾಕಿಸಬಹುದು. ಏನೇ ಹಾಕಿದರೂ ಮೊದಲು ಬ್ಯಾಟರಿ ಕ್ಲಾಂಪ್ ಗಟ್ಟಿ ಮಾಡಿಸಿ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ಹಳೆ ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಒಂದು ಕೆಂಪು ದೀಪ ಇರುತ್ತದಲ್ಲ, ಕೀ ಹಾಕಿದಾಗ ಉರಿದು ಸ್ಟಾರ್ಟ್ ಆದಮೇಲೆ ಆರುವುದು? ಅದು ಬರೀ ಎಚ್ಚರಿಕೆ ದೀಪ ಅಂತ ಎಲ್ಲರೂ ತಿಳಿದಿರುತ್ತಾರೆ. ಅನೇಕ ಆಲ್ಟರ್ನೇಟರುಗಳಲ್ಲಿ ಆ ಬಲ್ಬಿನ ಮೂಲಕ ಹಾದುಬರುವ ಸಣ್ಣ ಕರೆಂಟೇ ಒಳಗಿನ ಸುರುಳಿಯನ್ನು ಅಯಸ್ಕಾಂತವಾಗಿಸಿ ಚಾರ್ಜಿಂಗ್ ಶುರು ಮಾಡಿಸುತ್ತದೆ. ಹಳೆ ಬೋರ್ಡು ಕಿತ್ತರೆ ಬಲ್ಬೂ ಹೋಯಿತು. ಹೊಸ ಪರದೆಯ ಎಲ್‌ಇಡಿ ಮೂಲಕ ಅಷ್ಟು ಕರೆಂಟು ಹರಿಯುವುದಿಲ್ಲ. ಆಗ ಸ್ಟಾರ್ಟ್ ಆದಮೇಲೂ ಚಾರ್ಜಿಂಗ್ ಬರುವುದಿಲ್ಲ, ಅಥವಾ ಒಂದು ಸಲ ಜೋರಾಗಿ ರೇಸ್ ಮಾಡಿದ ಮೇಲೆ ಬರುತ್ತದೆ. ಎರಡು ದಿನ ಓಡಿಸಿದ ಮೇಲೆ ಬ್ಯಾಟರಿ ಡೌನ್. ಎಲೆಕ್ಟ್ರಿಷಿಯನ್ ಆಲ್ಟರ್ನೇಟರ್ ಬಿಚ್ಚಿ ಬ್ರಶ್, ಡಯೋಡ್ ಎಲ್ಲ ಬದಲಿಸುತ್ತಾನೆ. ಅದರಲ್ಲಿ ತಪ್ಪೇ ಇರುವುದಿಲ್ಲ.

ಪರಿಹಾರ ಎರಡು. ಹಳೆ ಬಲ್ಬನ್ನೇ ಹೋಲ್ಡರ್ ಸಮೇತ ಡ್ಯಾಶಿನ ಒಂದು ಮೂಲೆಯಲ್ಲಿ ಉಳಿಸಿಕೊಳ್ಳುವುದು ಒಂದು. ಇಲ್ಲವೇ ಇಗ್ನಿಷನ್ ಲೈನಿನಿಂದ ಆಲ್ಟರ್ನೇಟರಿನಲ್ಲಿ ಬಲ್ಬಿನ ವೈರ್ ಸೇರುತ್ತಿದ್ದ ಟರ್ಮಿನಲ್ಲಿಗೆ 47 ಓಮಿನ, 5 ವ್ಯಾಟಿನ ಒಂದು ರೆಸಿಸ್ಟರ್ ಹಾಕುವುದು. ಕೀ ಹಾಕಿ ಎಂಜಿನ್ ಸ್ಟಾರ್ಟ್ ಆಗದೆ ನಿಂತಾಗ ಅದರಲ್ಲಿ 3 ವ್ಯಾಟಿನಷ್ಟು ಬಿಸಿ ಹುಟ್ಟುವುದರಿಂದ ಕಾಲು ವ್ಯಾಟಿನ ಕಡ್ಡಿ ರೆಸಿಸ್ಟರ್ ನಡೆಯುವುದಿಲ್ಲ. ನನಗೆ ಬಲ್ಬ್ ಉಳಿಸುವುದೇ ಇಷ್ಟ. ಪರದೆ ಸತ್ತರೂ ಅದು ತನ್ನ ಪಾಡಿಗೆ ಉರಿಯುತ್ತದೆ. ಇದೇ ಕಾರಣಕ್ಕೆ ಆಯಿಲ್ ಸ್ವಿಚ್ಚಿನ ಕೆಂಪು ದೀಪವನ್ನೂ ಪರದೆಗೆ ಸಂಬಂಧವಿಲ್ಲದಂತೆ ಬೇರೆಯಾಗಿ ಬಿಡಿ. ಬೋರ್ಡಿನ ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ.

ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವುದು) ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಪೆಟ್ರೋಲ್ ಜಿಪ್ಸಿಯಲ್ಲಿ ಇಗ್ನಿಷನ್ ಕಾಯಿಲಿನ ಮೈನಸ್ ಕಡೆಯಿಂದ ಸಿಗ್ನಲ್ ಸಿಗುತ್ತದೆ. ನಾಲ್ಕು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದರೆ ಎಂಜಿನ್ ಒಂದು ಸುತ್ತಿಗೆ ಎರಡು ಮಿಡಿತ. ಅಲ್ಲಿ ನೂರಾರು ವೋಲ್ಟಿನ ಏಟು ಇರುವುದರಿಂದ ಡ್ಯಾಶಿನಲ್ಲಿ ಕಾಯಿಲಿಗೆಂದೇ ಇಟ್ಟ ವೈರನ್ನೇ ಬಳಸಬೇಕು. ಡೀಸೆಲ್ಲಿನಲ್ಲಿ ಕಾಯಿಲ್ ಎಲ್ಲಿಂದ ಬರಬೇಕು? ಅದಕ್ಕೆ ಆಲ್ಟರ್ನೇಟರಿನ ‘ಡಬ್ಲ್ಯೂ’ ಟರ್ಮಿನಲ್ ಇದೆ. ಇಲ್ಲದ ಆಲ್ಟರ್ನೇಟರಿನಲ್ಲಿ ಒಳಗಿನ ಸ್ಟೇಟರ್ ತಂತಿಯಿಂದ ಒಂದು ವೈರ್ ಹೊರತೆಗೆಸಬಹುದು. 12 ಧ್ರುವದ ಆಲ್ಟರ್ನೇಟರ್ ತನ್ನ ಒಂದು ಸುತ್ತಿಗೆ 6 ಮಿಡಿತ ಕೊಡುತ್ತದೆ. ಎಂಜಿನ್ ಪುಲ್ಲಿ ಆಲ್ಟರ್ನೇಟರ್ ಪುಲ್ಲಿಯ ಎರಡರಷ್ಟು ಅಗಲ ಇದ್ದರೆ ಎಂಜಿನ್ ಒಂದು ಸುತ್ತಿಗೆ 12 ಮಿಡಿತ. 800 ಆರ್‌ಪಿಎಂ ಐಡಲಿಂಗಿನಲ್ಲಿ ಸೆಕೆಂಡಿಗೆ 160. ಸುತ್ತಿಗೆ 12 ಎಂಬ ಸಂಖ್ಯೆಯನ್ನು ಸೆಟ್ಟಿಂಗಿನಲ್ಲಿ ತುಂಬಿ, ಪುಲ್ಲಿಗೆ ಬಿಳಿ ಪಟ್ಟಿ ಅಂಟಿಸಿ ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರಿನಿಂದ ತಾಳೆ ನೋಡಿದರೆ ಮುಗಿಯಿತು. ಬೆಲ್ಟ್ ಜಾರುತ್ತಿದ್ದರೆ ಆರ್‌ಪಿಎಂ ಕಡಿಮೆ ತೋರಿಸುತ್ತದೆ, ಅದೂ ಒಂದು ಸುಳಿವೇ.

ವೇಗಕ್ಕೆ ಎರಡು ದಾರಿ. ಕೇಬಲ್ ಕೂರುತ್ತಿದ್ದ ಜಾಗದಲ್ಲೇ ಅಯಸ್ಕಾಂತ ಹಾದಾಗಲೆಲ್ಲ ಮಿಡಿತ ಕೊಡುವ ಹಾಲ್ ಸೆನ್ಸರ್ ಕೂರಿಸುವುದು, ಇಲ್ಲವೇ ಜಿಪಿಎಸ್. ಜಿಪಿಎಸ್ ಹಾಕುವುದು ಸುಲಭ, ಟೈರ್ ಬದಲಿಸಿದರೂ ಓದು ಕೆಡುವುದಿಲ್ಲ. ಆದರೆ ನಡಿಗೆ ವೇಗದಲ್ಲಿ ಬಂಡೆ ಹತ್ತುವಾಗ ಅದರ ಅಂಕಿ ಓಲಾಡುತ್ತದೆ, ದಟ್ಟ ಮರಗಳ ಕೆಳಗೆ ಸಿಗ್ನಲ್ ಕಡಿಮೆಯಾಗುತ್ತದೆ. ಸೆಕೆಂಡಿಗೆ ಒಂದೇ ಸಲ ಓದುವ ಅಗ್ಗದ ಜಿಪಿಎಸ್ ಆದರೆ ಬ್ರೇಕ್ ಹಾಕಿದ ಮೇಲೂ ಹಳೆ ವೇಗವನ್ನೇ ತೋರಿಸುತ್ತಿರುತ್ತದೆ. ಹಾಲ್ ಸೆನ್ಸರ್ ಆದರೆ ಇಂಥ ಕಾಟ ಇಲ್ಲ. ‘ಲೋ ಗೇರಿಗೆ ಹಾಕಿದಾಗ ವೇಗ ತಪ್ಪು ಬರುವುದಿಲ್ಲವೇ?’ ಅಂತ ಕೆಲವರು ಕೇಳುತ್ತಾರೆ. ಜೀಪಿನಲ್ಲಿ ಸ್ಪೀಡೋ ಗೇರ್ ಇರುವುದು ಟ್ರಾನ್ಸ್‌ಫರ್ ಕೇಸಿನಿಂದ ಚಕ್ರದ ಕಡೆ ಹೊರಡುವ ಶಾಫ್ಟಿನ ಮೇಲೆ. ಹಾಗಾಗಿ ಹೈ ಇರಲಿ, ಲೋ ಇರಲಿ, ಚಕ್ರ ಸುತ್ತಿದಷ್ಟೇ ಲೆಕ್ಕ.

ಟೈರ್ ಲೆಕ್ಕ ಮಾತ್ರ ಬಿಡುವಂತಿಲ್ಲ. 235/75 ಆರ್ 15 ಟೈರಿನ ವ್ಯಾಸ ಸುಮಾರು 734 ಮಿಲಿಮೀಟರ್. ಅದರ ಬದಲು 31 ಇಂಚಿನದು ಹಾಕಿದರೆ 787. ಅಂದರೆ ಶೇಕಡಾ 7ರಷ್ಟು ದೊಡ್ಡದು. ಮೀಟರಿನಲ್ಲಿ 60 ಕಂಡಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ, ಕಿಲೋಮೀಟರ್ ಲೆಕ್ಕವೂ ಅಷ್ಟೇ ಕಡಿಮೆ ಬೀಳುತ್ತದೆ. ಹೆಚ್ಚಿನ ಡ್ಯಾಶುಗಳಲ್ಲಿ ಒಂದು ಕಿಲೋಮೀಟರ್ ಓಡಿಸಿ ಮಿಡಿತ ಎಣಿಸಿಕೊಳ್ಳುವ ಸೆಟ್ಟಿಂಗ್ ಇರುತ್ತದೆ. ಮೈಸೂರು–ಬೆಂಗಳೂರು ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲಿ ಬೆಳಗಿನ ಜಾವ ಇದನ್ನು ಮಾಡಿಕೊಳ್ಳಬಹುದು. ಸೆಟ್ಟಿಂಗ್ ಒತ್ತಲು ಪಕ್ಕದಲ್ಲಿ ಒಬ್ಬರು ಕೂತಿರಲಿ.

ಇಲ್ಲಿವರೆಗೆ ಹೇಳಿದ್ದೆಲ್ಲ ಹಳೆ ಗಾಡಿಯ ಮಾತು. 2020ರ ನಂತರದ ಥಾರ್ ತರಹದ ಗಾಡಿಯ ಕತೆಯೇ ಬೇರೆ. ಅಲ್ಲಿ ಪ್ರತಿ ಸೆನ್ಸರಿನಿಂದ ಮೀಟರಿಗೆ ಬೇರೆ ಬೇರೆ ವೈರ್ ಬರುವುದಿಲ್ಲ. ಎಂಜಿನ್ ಕಂಪ್ಯೂಟರ್, ಎಬಿಎಸ್, ಏರ್‌ಬ್ಯಾಗ್, ಮೀಟರ್ ಎಲ್ಲವೂ ಹೆಣೆದ ಎರಡೇ ತಂತಿಗೆ ಸಿಕ್ಕಿಕೊಂಡಿರುತ್ತವೆ. ಇದಕ್ಕೆ ಕ್ಯಾನ್ ಬಸ್ ಅನ್ನುತ್ತಾರೆ. ಜರ್ಮನಿಯ ಬಾಶ್ ಕಂಪನಿ 1986ರಲ್ಲಿ ಇದನ್ನು ಹೊರತಂದಿತು. ಊರಿನಲ್ಲಿ ಡಂಗುರ ಸಾರಿದ ಹಾಗೆ ಇದರ ಕೆಲಸ. ಎಂಜಿನ್ ಕಂಪ್ಯೂಟರ್ ‘ನೀರು 90 ಡಿಗ್ರಿ’ ಅಂತ ಸಾರುತ್ತದೆ, ಎಲ್ಲರಿಗೂ ಕೇಳಿಸುತ್ತದೆ, ಬೇಕಾದವರು ತೆಗೆದುಕೊಳ್ಳುತ್ತಾರೆ.

ಇಂಥ ಗಾಡಿಯ ಮೂಲ ಮೀಟರನ್ನು ಕಿತ್ತು ಬೇರೆ ಹಾಕಲು ಹೋಗಬೇಡಿ. ಏರ್‌ಬ್ಯಾಗ್, ಎಬಿಎಸ್ ಎಚ್ಚರಿಕೆ ದೀಪಗಳು ಅದರಲ್ಲೇ ಇರುತ್ತವೆ. ಕೆಲವು ಗಾಡಿಗಳಲ್ಲಿ ಕಳ್ಳತನ ತಡೆಯುವ ಇಮ್ಮೊಬಿಲೈಸರೂ ಮೀಟರಿಗೇ ಅಂಟಿಕೊಂಡಿರುತ್ತದೆ, ಮೀಟರ್ ಬದಲಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಹೊಡೆಯಬೇಕು ಅಂತ ಕಾನೂನೇ ಬಂತು. ಆ ಕಿರಿಕಿರಿ ತಪ್ಪಿಸಲು ಮೀಟರ್ ಬದಲಿಸುವುದು ಸರಿಯಲ್ಲ. ಬೇಕಾದರೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಮೆಕ್ಯಾನಿಕ್ ಗಾಡಿಯ ದೋಷ ಓದುವ ಜಾಗ) ಎರಡನೇ ಪರದೆ ಸಿಕ್ಕಿಸಿ. 16 ಪಿನ್ನಿನ ಆ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ ಕ್ಯಾನ್ ತಂತಿಗಳು, 16ನೆಯದು ಬ್ಯಾಟರಿ, 4ನೆಯದು ಅರ್ಥ್. ಪರದೆ ಪ್ರಶ್ನೆ ಕೇಳುತ್ತದೆ, ಎಂಜಿನ್ ಕಂಪ್ಯೂಟರ್ ಒಂದು ಅಂಕಿಯನ್ನು ಉತ್ತರವಾಗಿ ಕೊಡುತ್ತದೆ. ನೀರಿನ ಬಿಸಿಗೆ ಆ ಅಂಕಿಯಿಂದ 40 ಕಳೆದರೆ ಡಿಗ್ರಿ ಸಿಗುತ್ತದೆ. 130 ಬಂದರೆ 90 ಡಿಗ್ರಿ. ಕಂಪನಿ ಮೀಟರ್ ತೋರಿಸುವ ನಾಲ್ಕು ಗೀಟುಗಳಿಗಿಂತ ಇದು ಎಷ್ಟೋ ಮೇಲು. ಕ್ಯಾನ್ ತಂತಿ ಸರಿಯಿದೆಯೇ ಅಂತ ನೋಡಲು ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಓಮ್ ಅಳೆಯಿರಿ. ಎರಡು ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ 60ರ ಹತ್ತಿರ ಬರಬೇಕು. ತಂತಿಯನ್ನು ಸುಲಿದು ನಡುವೆ ಜೋಡಿಸುವ ಕೆಲಸ ಮಾತ್ರ ಯಾರಿಗೂ ಮಾಡಲು ಬಿಡಬೇಡಿ.

ಹಳೆ ಜೀಪಿನವರಿಗೂ ಕಾನೂನಿನ ಮಾತು ಒಂದಿದೆ. ಕೆಲಸ ಮಾಡುವ ಸ್ಪೀಡೋಮೀಟರ್ ಇರಬೇಕು ಅನ್ನುವುದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಿಸುವಾಗ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಹಳೆ ಬೋರ್ಡು ಬಿಚ್ಚುವ ಮುಂಚೆ ಅದರ ಕಿಲೋಮೀಟರ್ ಓದಿನ ಫೋಟೋ ತೆಗೆದು, ಹೊಸದಕ್ಕೆ ಅದೇ ಅಂಕಿ ತುಂಬಿ. ಹಳೆ ಬೋರ್ಡನ್ನು ಗುಜರಿಗೆ ಹಾಕಬೇಡಿ.

ಪರದೆಯ ಬಗ್ಗೆ ಹೇಳುವುದು ಕಡಿಮೆ. ಟಾಪ್ ಇಲ್ಲದ ಜೀಪಿನಲ್ಲಿ ಮಂಡ್ಯದ ಮಧ್ಯಾಹ್ನದ ಬಿಸಿಲು ನೇರ ಪರದೆಗೆ ಬಡಿಯುತ್ತದೆ. ಫೋನ್ ಅಂಗಡಿ ಟ್ಯಾಬ್ ತರಹದ, 300–400 ನಿಟ್ (ಪರದೆಯ ಹೊಳಪಿನ ಅಳತೆ) ಬೆಳಕಿನ ಪರದೆಯಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. 1000 ನಿಟ್ ಇದ್ದರೆ ಒಳ್ಳೇದು. ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್ 70 ಡಿಗ್ರಿ ಮುಟ್ಟುವುದು ಅಪರೂಪವಲ್ಲ, ಅಷ್ಟು ತಡೆಯುವಂಥದ್ದು ಬೇಕು. ಐಪಿ 67 ಅಂದರೆ ದೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಐಪಿ 65 ಆದರೆ ನೀರಿನ ಎರಚಲಿಗೆ ಸಾಕು, ಮುಳುಗಿದರೆ ಇಲ್ಲ. ನಮ್ಮ ಕೆಂಪು ದೂಳಿಗೆ ಐಪಿ ನಂತರದ ಮೊದಲ ಅಂಕಿ 6 ಇರಲೇಬೇಕು. ಕೆಸರಿನ ಕೈಯಲ್ಲಿ ಟಚ್‌ಸ್ಕ್ರೀನ್ ನಡೆಯದು, ಗುಂಡಿ ಇರುವುದನ್ನು ನೋಡಿ. ಕುಲುಕಾಟಕ್ಕೆ ರಬ್ಬರ್ ಬುಶ್ ಮೇಲೆ ಕೂರಿಸಿ. ಕನೆಕ್ಷನ್ನುಗಳನ್ನು ಬೆಸುಗೆ ಹಾಕುವ ಬದಲು ಸರಿಯಾದ ಪ್ಲೈಯರಿನಲ್ಲಿ ಒತ್ತಿ ಕ್ರಿಂಪ್ ಮಾಡಿಸಿ. ಬೆಸುಗೆಯ ಸೀಸ ವೈರಿನೊಳಗೆ ಹರಿದು ಗಟ್ಟಿಯಾಗುತ್ತದೆ, ಅದು ಮುಗಿಯುವ ಜಾಗದಲ್ಲೇ ಕುಲುಕಾಟಕ್ಕೆ ವೈರ್ ಮುರಿಯುತ್ತದೆ.

ಇಷ್ಟೆಲ್ಲ ಮಾಡಿ ಸಿಗುವ ಲಾಭ ಏನು? ನನ್ನ ಪ್ರಕಾರ ಅಲಾರಂ, ಅದೊಂದೇ. ಕೊರಕಲಿನಲ್ಲಿ ಗಾಡಿ ನಡೆಸುವವನ ಕಣ್ಣು ಕಲ್ಲಿನ ಮೇಲಿರುತ್ತದೆ, ಪರದೆ ಮೇಲಲ್ಲ. ಜೋರಾಗಿ ಕಿರುಚುವ ಬಜರ್ ಇಲ್ಲದ ಡಿಜಿಟಲ್ ಡ್ಯಾಶ್ ಸುಮ್ನೆ ಶೋಕಿ. ನೀರಿನ ಬಿಸಿಗೆ 105 ಡಿಗ್ರಿಗೆ ಒಂದು ಅಲಾರಂ ಇಡಿ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಆ ಬಿಸಿಗೂ ನೀರು ಕುದಿಯುವುದಿಲ್ಲ, ಗಾಡಿ ನಿಲ್ಲಿಸಲು ಸಮಯ ಸಿಗುತ್ತದೆ. ಆಯಿಲ್ಲಿಗೆ ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಒತ್ತಡ ಇರಬೇಕು ಅನ್ನುವುದು ಮೆಕ್ಯಾನಿಕ್‌ಗಳ ಹಳೆ ಲೆಕ್ಕ. ಆರ್‌ಪಿಎಂ ಜೊತೆ ಹೊಂದಿಸಿ ಅಲಾರಂ ಇಡಲು ಬರುವ ಡ್ಯಾಶ್ ಸಿಕ್ಕರೆ ಬಿಡಬೇಡಿ. ಆದರೆ ಒಂದು ಮೋಸ ಗೊತ್ತಿರಲಿ. ಹೀಟ್ ಸೆನ್ಸರ್ ಬಿಸಿ ಅಳೆಯಬೇಕಾದರೆ ನೀರಿನಲ್ಲಿ ಮುಳುಗಿರಬೇಕು. ಹೋಸ್ ಒಡೆದು ನೀರೆಲ್ಲ ಸೋರಿಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ಕಡಿಮೆ ಬಿಸಿ ತೋರಿಸಬಹುದು. ಎಂಜಿನ್ ಸುಡುತ್ತಿರುವಾಗ ಪರದೆಯ ಅಂಕಿ ಇಳಿಯುತ್ತದೆ. ಹತ್ತುವಾಗ ಬಿಸಿ ಇದ್ದಕ್ಕಿದ್ದಂತೆ ಇಳಿದರೆ ಖುಷಿ ಪಡದೆ ಗಾಡಿ ನಿಲ್ಲಿಸಿ.

ಕೆಲಸ ಮುಗಿದ ಮೇಲೆ ನೇರ ಕಾಡುದಾರಿಗೆ ಹೋಗಬೇಡಿ. ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ರಸ್ತೆ, ಮಂಡ್ಯ ಕಡೆಯವರಾದರೆ ಮೇಲುಕೋಟೆ ಏರು ಒಮ್ಮೆ ಹತ್ತಿಸಿ, ಬಿಸಿ ಹೇಗೆ ಏರಿ ಇಳಿಯುತ್ತದೆ ನೋಡಿ. ರಾತ್ರಿ ಒಂದು ಸಲ ಎಲ್ಲ ಲೈಟ್ ಹಾಕಿ, ಹಾರ್ನ್ ಒತ್ತಿ, ಅಂಕಿ ಜಿಗಿಯುತ್ತದೆಯೇ ನೋಡಿ. ಆಮೇಲೆ ಕೀ ತೆಗೆದು, ಬ್ಯಾಟರಿ ಮೈನಸ್ ವೈರ್ ಬಿಚ್ಚಿ, ನಡುವೆ ಮಲ್ಟಿಮೀಟರನ್ನು ಆಂಪಿಯರಿಗೆ ಇಟ್ಟು ಜೋಡಿಸಿ. 50 ಮಿಲಿಆಂಪಿಯರ್ ದಾಟಬಾರದು. ಅಷ್ಟೇ ಇದ್ದರೂ ದಿನಕ್ಕೆ 1.2 ಆಂಪಿಯರ್‌ಅವರ್ ಸೋರುತ್ತದೆ. 60 ಆಂಪಿಯರ್‌ಅವರಿನ ಬ್ಯಾಟರಿ ಇರುವ ಜೀಪು ಇಪ್ಪತ್ತು ದಿನ ಶೆಡ್ಡಿನಲ್ಲಿ ನಿಂತರೆ 24 ಖಾಲಿ. ಅಷ್ಟು ದಿನ ನಿಲ್ಲಿಸುವವರು ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿಕೊಳ್ಳಬಹುದು. ಆ ಸ್ವಿಚ್ಚನ್ನು ಎಂಜಿನ್ ನಿಂತ ಮೇಲೆ ಮಾತ್ರ ಆಫ್ ಮಾಡಬೇಕು, ಓಡುತ್ತಿರುವಾಗ ಮಾಡಿದರೆ ಮೇಲೆ ಹೇಳಿದ ಹತ್ತಾರು ವೋಲ್ಟಿನ ಏಟು ಹೊಸ ಪರದೆಗೇ ಬೀಳುತ್ತದೆ.